ಹಂಡೆ ತುಂಬುವ ತನಕ

ಹಳ್ಳದ ನೀರು ತಾಮ್ರವನ್ನು ಬೆಳಗುತ್ತಿತ್ತು. ಮರಿಯವ್ವನ ಕಾಲನ್ನು ತಿನ್ನುತ್ತಿತ್ತು. ಊರಿನವರು ತಾಮ್ರವನ್ನಷ್ಟೇ ನೋಡುತ್ತಿದ್ದರು.

ಅವಳು ಮೀನಖಂಡದವರೆಗೂ ನೀರಿನಲ್ಲಿ ನಿಂತಿದ್ದಳು. ಎದುರಿಗೆ ಊರ ಸಾಹುಕಾರ ಪುಂಡಲೀಕಪ್ಪನ ಮನೆಯ ದೊಡ್ಡ ಹಂಡೆ, ಮಸಿ ಹಿಡಿದು, ಈಯಲಾರದೆ ಕುಸಿದ ಎಮ್ಮೆಯ ಹಾಗೆ ಕೂತಿತ್ತು. ಮೊದಲಾಗಿದ್ದರೆ ಇದಕ್ಕೆ ಹುಣಸೆಹಣ್ಣು ಬೇಕಿತ್ತು, ಬೂದಿ ಬೇಕಿತ್ತು, ನಾರು ಬೇಕಿತ್ತು, ರಟ್ಟೆಯಲ್ಲಿ ಕಸುವು ಬೇಕಿತ್ತು. ಈಗ ಯಾವುದೂ ಬೇಡ. ಹಂಡೆಯನ್ನು ಹಳ್ಳದಲ್ಲಿ ಅಡ್ಡ ಮಲಗಿಸಬೇಕು. ಒಂದಿಷ್ಟು ಹೊತ್ತು ಬಿಡಬೇಕು. ಹಸಿ ಮರಳು ಹಿಡಿದು ತಿಕ್ಕಬೇಕು. ಕಪ್ಪು ಕಳಚಿ ಒಳಗಿನ ಕೆಂಪು ಮೇಲೆ ಬರುತ್ತದೆ, ಈಗಷ್ಟೇ ಸುಲಿದ ಮೈಯ ಹಾಗೆ.

ಊಟದ ಮನೆಯ ದೊಡ್ಡ ಪಾತ್ರೆಗಳನ್ನು ಕೇರಿಯ ಹೆಂಗಸರೇ ಬೆಳಗಬೇಕು ಎಂಬುದು ಆ ಊರಿನ ಹಳೆಯ ಪದ್ಧತಿ. ಡಂಬಳದಿಂದ ಗುಡ್ಡದ ಕಡೆಗೆ ಹೊರಟರೆ ಸಿಗುವ ಊರು. ಊರಿನ ಕೆಳಗೆ ಹಳ್ಳ, ಹಳ್ಳದ ದಂಡೆಗೆ ಮಾದರ ಕೇರಿ. ಮದುವೆಯಾಗಲಿ, ದಿನಕರ್ಮವಾಗಲಿ, ಹಂಡೆ ಕೊಪ್ಪರಿಗೆ ಕೇರಿಗೆ ಇಳಿಯುತ್ತವೆ, ಬೆಳಗಿಸಿಕೊಂಡು ಏರಿ ಹೋಗುತ್ತವೆ. ಮನೆ ಮುಂದೆ ಇಳಿಸಿದ ಮೇಲೆ ಒಂದು ತಂಬಿಗೆ ನೀರು ಸುರಿದು, ಒಂದು ಹಿಡಿ ಜೋಳದ ಕಣಿಕೆಗೆ ಬೆಂಕಿ ಹಚ್ಚಿ ಒಳಗೆ ಆಡಿಸುತ್ತಾರೆ. ಮೈಲಿಗೆ ಹೋಯಿತು. ಕೆಲಸ ಉಳಿಯಿತು. ತಾಮ್ರಕ್ಕೆ ಅಂಟಿದ ಮರಿಯವ್ವನ ಕೈ ಬೆಂಕಿಗೆ ಹೋಗುತ್ತದೆ; ಊರಿನ ಕುಡಿಯುವ ನೀರಿನ ನಲ್ಲಿಗೆ ಅಂಟಿದರೆ ಮಾತ್ರ ಯಾವ ಬೆಂಕಿಗೂ ಹೋಗುವುದಿಲ್ಲ.

ಹಳ್ಳದ ನೀರಿಗೆ ಈ ಗುಣ ಬಂದದ್ದು ಇತ್ತೀಚೆಗೆ. ಗುಡ್ಡದ ಬಂಗಾರ ಕರಗಿ ನೀರಿಗಿಳಿದಿದೆ ಎಂದು ಊರಿನವರು ಮಾತಾಡಿಕೊಂಡರು. ಹುಣಸೆಹಣ್ಣು ಉಳಿಯಿತು ಎಂದು ಹೆಂಗಸರು ಖುಷಿಪಟ್ಟರು. ಹಂಡೆಗಳ ಬೆನ್ನಿಗೆ ದೀಪದ ಕಂಬ, ಆರತಿ ತಟ್ಟೆ, ದೇವರ ಜಗಲಿಯ ತಂಬಿಗೆಗಳೂ ಕೇರಿಗೆ ಇಳಿಯತೊಡಗಿದವು.

ಮರಿಯವ್ವನ ಕಾಲ್ಬೆರಳ ಉಗುರುಗಳು ಹಳದಿಯಾಗಿ ಮೆತ್ತಗಾಗಿದ್ದವು. ಹಿಮ್ಮಡಿ ಸೀಳಿತ್ತು. ಸೀಳಿನೊಳಗೆ ಕಾವಿ ಬಣ್ಣ ಕೂತಿತ್ತು, ತೊಳೆದರೂ ಹೋಗದು. ನೂಲಿನ ಸೀರೆಯ ಅಂಚು ಹಪ್ಪಳದ ಹಾಗೆ ಮುರಿದು ಬೀಳುತ್ತಿತ್ತು. ಕೇರಿಯ ಹೆಂಗಸರ ಸೀರೆಗಳೆಲ್ಲ ಈಗ ಗಿಡ್ಡ.

"ಚಂದ ಆತಲ್ಲ ಬೇ," ಹನಮಂತವ್ವ ಪಕ್ಕದಲ್ಲಿ ಕೊಪ್ಪರಿಗೆ ತಿಕ್ಕುತ್ತ ಹೇಳಿದಳು. "ಇನ್ನೆರಡು ವರ್ಷಕ್ಕ ನಾವೂ ಪ್ಯಾಟಿ ಹುಡಗ್ಯಾರಂಗ ಮೊಣಕಾಲ ತನಕಾ ಉಟ್ಕೋತೀವಿ."

"ಮೊಣಕಾಲ ಉಳದ್ರ," ಅಂದಳು ಮರಿಯವ್ವ.

ಇಬ್ಬರೂ ನಕ್ಕರು. ನಗು ಬೇಗ ನಿಂತಿತು. ಹನಮಂತವ್ವನ ನಗು ಈಚೆಗೆ ಹಾಗೆಯೇ ಅರ್ಧಕ್ಕೆ ನಿಲ್ಲುತ್ತಿತ್ತು. ಅವಳ ಮೊಮ್ಮಗಳು ರೇಷ್ಮಾ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ವಾಂತಿ. ಬರೀ ವಾಂತಿ. ಕೇರಿಯಿಂದ ಫೋನು ಹೋಯಿತು, ಅಂಬುಲೆನ್ಸು ಬರಲಿಲ್ಲ. ಹಳ್ಳ ದಾಟಲು ದಾರಿ ಇಲ್ಲ ಅಂದರು. ಉಳ್ಳಾಗಡ್ಡಿ ಒಯ್ಯುವ ಟೆಂಪೋದಲ್ಲಿ, ಚೀಲಗಳ ನಡುವೆ, ಮುಂಡರಗಿಯ ದಾರಿಯಲ್ಲಿ ಆ ಕೂಸು ತಣ್ಣಗಾಯಿತು. ಯಾರೂ ಬಂದು ನೀರು ನೋಡಲಿಲ್ಲ.

ನೀರನ್ನು ಕೆಡಿಸಿದ ಕಲ್ಲಿನ ಕಥೆ ಹೀಗೆ. ಹಳ್ಳದ ತಲೆಗೆ, ಗುಡ್ಡದ ಬುಡದಲ್ಲಿ ಒಂದು ಹಳೆಯ ಗಣಿ. ಅಜ್ಜಂದಿರ ಕಾಲದಲ್ಲಿ ಯಾರೋ ಬಂಗಾರಕ್ಕೆ ಅಗೆದು, ಬೇಡವಾದ ಕಲ್ಲನ್ನು ಬಾಯಿಗೆ ಒಟ್ಟಿ ಹೋದರು. ಆ ರಾಶಿಯ ಮೇಲೆ ಮಣ್ಣು ಕೂತು, ಜಾಲಿ ಬೆಳೆದು, ಆಡು ಮೇಯುತ್ತಿದ್ದವು. ಅದು ಮಲಗಿತ್ತು. ಪುಂಡಲೀಕಪ್ಪ ಅದನ್ನು ಎಬ್ಬಿಸಿದ. ಹಳೆಯ ಕಲ್ಲಿನಲ್ಲಿ ಇನ್ನೂ ಏನೋ ಉಳಿದಿದೆ, ಒಡೆದು ಆರಿಸಿ ಕೊಟ್ಟರೆ ಒಯ್ಯುತ್ತೇವೆ ಎಂದು ಯಾರೋ ದೂರದವರು ಹೇಳಿದ್ದರಂತೆ. ಜೆಸಿಬಿ ಬಂತು. ಜಾಲಿ ಹೋಯಿತು. ರಾಶಿಯ ಹೊಟ್ಟೆ ಬಗೆದರು. ಕೇರಿಯ ಹೆಂಗಸರಿಗೆ ಸುತ್ತಿಗೆ ಕೊಟ್ಟರು.

ಮರಿಯವ್ವ ಎರಡು ವರ್ಷ ಆ ಕಲ್ಲು ಒಡೆದಳು. ಒಡೆದರೆ ಒಳಗೆ ಹಿತ್ತಾಳೆಯ ಹೊಳಪು. ಕೆಲವು ಕಲ್ಲಿಗೆ ಸುತ್ತಿಗೆ ಬಿದ್ದ ಕೂಡಲೆ ಬೆಳ್ಳುಳ್ಳಿಯ ವಾಸನೆ ಎದ್ದು ಮೂಗಿಗೆ ಹೊಡೆಯುತ್ತಿತ್ತು. ಅವಕ್ಕೆ ಹೆಂಗಸರು ಬೆಳ್ಳುಳ್ಳಿ ಕಲ್ಲು ಎಂದೇ ಹೆಸರಿಟ್ಟಿದ್ದರು. ರೊಟ್ಟಿ ಬಿಚ್ಚಿದಾಗ ಯಾರಾದರೂ ತಮಾಷೆಗೆ, "ಚಟ್ನಿ ತಂದಿಲ್ಲ, ಒಂದು ಬೆಳ್ಳುಳ್ಳಿ ಕಲ್ಲು ಒಡೀರೆ" ಅನ್ನುತ್ತಿದ್ದರು. ಹೊಳೆಯುವ ತುಂಡು ಲಾರಿಗೆ ಹೋಗುತ್ತಿತ್ತು. ಪುಡಿ, ಚೂರು, ಕಸ ಹಳ್ಳದ ಬಾಯಲ್ಲಿ ಬೀಳುತ್ತಿತ್ತು. ಮೊದಲ ಮಳೆಗೆ ಹಳ್ಳ ಕಾವಿ ಬಣ್ಣ ತಿರುಗಿತು. ಆಮೇಲೆ ಮೀನು ಹೋದವು. ಆಮೇಲೆ ಏಡಿ. ದಂಡೆಯ ಆಪು ಹುಲ್ಲು ಒಣಗಿ ನಿಂತಿತು. ಹಳ್ಳದ ಒರತೆಯೇ ಕೇರಿಯ ಕುಡಿಯುವ ನೀರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೇರಿಯವರು ಒಂದು ಉಪಾಯ ಮಾಡಿಕೊಂಡಿದ್ದರು. ಒರತೆಯ ನೀರು ತುಂಬಿದ ಕೊಡಕ್ಕೆ ಗೋಡೆಗೆ ಬಳಿಯುವ ಸುಣ್ಣ ಒಂದು ಚಿಟಿಕೆ ಹಾಕುವುದು. ಕಾವಿಯೆಲ್ಲ ಗರಣೆಗಟ್ಟಿ ತಳಕ್ಕೆ ಇಳಿಯುತ್ತಿತ್ತು. ಮೇಲಿನ ತಿಳಿಯನ್ನು ಬಗ್ಗಿಸಿ ಕುಡಿಯುತ್ತಿದ್ದರು. ತಿಳಿಯಾದದ್ದೆಲ್ಲ ಒಳ್ಳೆಯ ನೀರು ಎಂದು ಅವರ ತಾಯಂದಿರು ಕಲಿಸಿದ್ದರು. ಆ ತಾಯಂದಿರ ಹಳ್ಳ ಬೇರೆ.

ಮಗಳು ಮಮತಾ ಚೊಚ್ಚಲ ಹೆರಿಗೆಗೆ ಬೆಳ್ಳಟ್ಟಿಯ ಗಂಡನ ಮನೆಯಿಂದ ಬಂದಿದ್ದಳು. ಹುಲಕೋಟಿಯಲ್ಲಿ ವಿಜ್ಞಾನ ತಗೊಂಡು ಪಿಯುಸಿ ಓದಿದ ಹುಡುಗಿ. ಬಂದ ದಿನವೇ ಕೊಡದ ತಳದ ಗಸಿಯನ್ನು ಬೆರಳಿನಿಂದ ತೆಗೆದು ನೋಡಿದ್ದಳು.

"ಇದನ್ನ ಕುಡೀತೀರೇನ ಬೇ?"

"ತಿಳಿ ಕುಡೀತೀವಿ. ಗಸಿ ಚೆಲ್ಲತೀವಿ."

"ತಿಳಿಯಾಗೂ ಇರತೈತಿ. ಕಣ್ಣಿಗೆ ಕಾಣಾಂಗಿಲ್ಲ." ಮಮತಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಳು. "ಆ ಕಲ್ಲಿನಾಗ ಗಂಧಕ ಐತಿ. ಗುಡ್ಡದೊಳಗ ಇರೂ ತನಕಾ ಸುಮ್ನಿರತೈತಿ. ಹೊರಗ ತಗದು ಗಾಳಿ ನೀರು ತಾಗಿಸಿದ್ರ ಆಸಿಡ್ ಆಗತೈತಿ. ನಿಮ್ಮ ಅಳಿಯ ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕ್ತಾನಲ್ಲ, ಅದ ಜಾತಿದು. ಆ ಆಸಿಡ್ ಉಳದ ಕಲ್ಲು ತಿಂದು, ನಿಮ್ಮ ಬೆಳ್ಳುಳ್ಳಿ ಕಲ್ಲಿನಾಗಿನ ಪಾಷಾಣದ ವಿಷಾನೂ ನೀರಿಗೆ ಎಳೀತೈತಿ."

"ಮೊದಲೂ ಆ ಕಲ್ಲು ಇತ್ತಲ್ಲ. ಮೊದಲೂ ಮಳಿ ಬರತಿತ್ತಲ್ಲ."

"ಮೊದಲ ಇಡೀ ಕಲ್ಲು ಇತ್ತು. ಮ್ಯಾಲೆ ಮಣ್ಣು ಇತ್ತು. ಒಂದು ಕಲ್ಲು ಒಡದು ನೂರು ಚೂರು ಮಾಡಿದ್ರ ಅದರ ಮೈ ಎಷ್ಟು ಹೆಚ್ಚಾತು ನೋಡು. ಮೈ ಹೆಚ್ಚಾದಷ್ಟೂ ನೀರಿಗೆ ತಿನ್ನಾಕ ಜಾಗಾ ಹೆಚ್ಚು."

ಮರಿಯವ್ವ ತನ್ನ ಅಂಗೈ ನೋಡಿಕೊಂಡಳು. ಸುತ್ತಿಗೆಯ ಹಿಡಿಕೆ ಹಾಕಿದ ಗಂಟುಗಳು. ಅದರ ಮೇಲೆ ಹಳ್ಳ ಬಿಡಿಸಿದ ಬಿರುಕುಗಳು. ತಾವೇ ಒಡೆದ ಕಲ್ಲು. ತಮ್ಮ ಕೈಯಿಂದಲೇ, ತಮ್ಮ ಬೆವರಿನಲ್ಲೇ, ತಮ್ಮ ಹಳ್ಳಕ್ಕೆ.

 ಆ ದಿನದಿಂದ ಮಗಳಿಗೆ ಹಳ್ಳದ ಹನಿ ಮುಟ್ಟಿಸಲಿಲ್ಲ. ಬೆಳಿಗ್ಗೆ ಎದ್ದು ಊರಿನ ಫಿಲ್ಟರ್ ನೀರಿನ ಮನೆಯ ಮುಂದೆ ಹೋಗಿ ನಿಲ್ಲತೊಡಗಿದಳು.

ಫಿಲ್ಟರ್ ಮನೆ ಬಸ್ ನಿಲ್ಲುವ ಕಟ್ಟೆಯ ಪಕ್ಕದಲ್ಲಿತ್ತು. ಸರಕಾರದ್ದು. ಊರಿನವರು ಬಂದು ನಲ್ಲಿ ತಿರುವಿ ತುಂಬಿಕೊಂಡು ಹೋಗುತ್ತಾರೆ. ಕೇರಿಯವರು ಕೊಡ ನೆಲಕ್ಕಿಟ್ಟು ಹಿಂದೆ ಸರಿದು ನಿಲ್ಲಬೇಕು. ನೋಡಿಕೊಳ್ಳುವ ಉಡಚಪ್ಪ ಬಕೆಟ್ಟಿಗೆ ಹಿಡಿದು, ಕೊಡಕ್ಕೆ ತಾಗದ ಹಾಗೆ ಮೇಲಿನಿಂದ ಸುರಿಯುತ್ತಾನೆ. ಅರ್ಧ ಒಳಗೆ, ಅರ್ಧ ನೆಲಕ್ಕೆ. ಊರಿನವರ ಸರದಿ ಮುಗಿದ ಮೇಲೆ. ಅವನಿಗೆ ಮನಸ್ಸು ಬಂದರೆ. ಮನೆಗೆ ಒಂದು ಕೊಡ.

"ಉಡಚಪ್ಪಾ, ಇನ್ನೊಂದು ತಂಬಿಗಿ ಹಾಕಪಾ. ದಿನಾ ತುಂಬಿದ ಹುಡುಗಿ ಮನ್ಯಾಗ ಐತಿ."

"ಎಲ್ಲಾರ ಮನ್ಯಾಗೂ ಏನರ ಇರತೈತಿ. ಸರಿ ಅತ್ತಾಗ."

ಅವಳು ಸರಿಯುತ್ತಿದ್ದಳು. ನೆಲಕ್ಕೆ ಬಿದ್ದ ಅರ್ಧ ನೀರು ಮಣ್ಣಿನಲ್ಲಿ ಇಂಗುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಆ ಮಣ್ಣಿನ ಮೇಲೆ ಎಳೆ ಹುಲ್ಲು ಬೆಳೆದಿತ್ತು.

ಈಗ ಹಂಡೆ ಇಳಿದು ಬಂದದ್ದು ಪುಂಡಲೀಕಪ್ಪನ ಹೊಸ ಮನೆಯ ವಾಸ್ತುಶಾಂತಿಗೆ. ಎರಡಂತಸ್ತಿನ ಮನೆ. ಗುಡ್ಡದ ಕಲ್ಲೇ ಕಟ್ಟಿಸಿದ ಮನೆ. ಇಡೀ ಊರಿಗೆ ಊಟ. ಸ್ಟೀಲಿನ ಪಾತ್ರೆ ಅವನಿಗೆ ಬೇಡ; ಹಿಂದಿನ ಗೌಡರ ಮನೆಯಲ್ಲಿ ಆಗುತ್ತಿದ್ದ ಹಾಗೆ ತಾಮ್ರದ ಹಂಡೆಯಲ್ಲೇ ಅನ್ನ, ಸಾರು, ಪಾಯಸ ಆಗಬೇಕು. ಹಳೆಯ ಹಂಡೆಗಳನ್ನು ಅಟ್ಟದಿಂದ ಇಳಿಸಿದ. ಸಾಲದೆ ಲಕ್ಷ್ಮೇಶ್ವರದಿಂದ ತರಿಸಿದ.

ಅದೇ ದಿನ ದಾವಲಬಿ ಹಳ್ಳದ ದಂಡೆಗೆ ಬಂದಳು. ತಾಮ್ರದ ಪಾತ್ರೆಯ ಒಳಮೈಗೆ ತವರದ ಕಲಾಯಿ ಹಾಕುವ ಲಕ್ಷ್ಮೇಶ್ವರದ ಕಲಾಯಿಗಾರರ ಮನೆಯ ಹೆಂಗಸು. ಗಂಡ ತೀರಿದ ಮೇಲೆ ತಿದಿ, ಇದ್ದಿಲು, ನವಸಾಗರ ಹೊತ್ತು ತಾನೇ ಊರೂರು ತಿರುಗುತ್ತಿದ್ದಳು. ಸ್ಟೀಲು ಬಂದ ಮೇಲೆ ಕರೆಯುವವರು ಅಪರೂಪ. ತಾಮ್ರದ ಹಂಡೆಗಳು ಹೊರಬಿದ್ದಿವೆ ಎಂಬ ಖಬರು ಕೇಳಿ ಬಂದಿದ್ದಳು. ಬೆಳಗಿ ಬೋರಲು ಹಾಕಿದ್ದ ಹಂಡೆಯನ್ನು ಎತ್ತಿ ಒಳಗೆ ಇಣುಕಿದಳು. ಒಳಗೂ ಕೆಂಪು. ಬಿಸಿಲು ಒಳಗೆ ಇಳಿದು ಬೆಂಕಿಯ ಹಾಗೆ ಉರಿಯಿತು.

"ಯಾ ಅಲ್ಲಾ," ಅಂದಳು. "ಕಲಾಯಿ ಎಲ್ಲಿ ಹೋತ ಮರೆವ್ವಾ? ಹ್ವಾದ ವರ್ಷ ನಾನs ಹಾಕಿದ್ದು. ಬೆಳ್ಳಿ ಹಂಗ ಬೆಳ್ಳಗಿತ್ತು."

"ನೀರಾಗ ಇಟ್ಟಿದ್ವಿ. ಒಳಗೂ ತಿಕ್ರಿ ಅಂತ ಹೇಳಿ ಕಳಿಸ್ಯಾರ."

"ತಿಕ್ಕಿದ್ರ ಕಲಾಯಿ ಹೋಗಾಂಗಿಲ್ಲ. ಇದು ತಿಂದೈತಿ." ದಾವಲಬಿ ಹಂಡೆಯ ಒಳಮೈಯನ್ನು ಬೆರಳಿನಿಂದ ಸವರಿದಳು. "ಇದರಾಗ ಹುಳಿ ಕುದಿಸಿದ್ರ ತಾಮ್ರಾನ ಸಾರಾಗತೈತಿ. ಮಂದಿ ಉಳೀತಾರೇನು?"

ಅವಳೇ ಮೇಲೆ ಹೋಗಿ ಹೇಳಿದಳು. ಮರಿಯವ್ವನೂ ಹಂಡೆ ಹೊತ್ತು ಹಿಂದೆ ಹೋಗಿದ್ದಳು. ಪುಂಡಲೀಕಪ್ಪ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದ. ಹಂಡೆಯೊಳಗೆ ತನ್ನ ಮುಖ ನೋಡಿಕೊಂಡು ಮೀಸೆ ತೀಡಿದ.

"ನಿನ್ನ ದಂಧೆ ನಿಂತೈತಿ, ಖರೆ. ಅದಕ್ಕ ನನ್ನ ಬಂಗಾರದಂಥ ಹಂಡೇಕ್ಕ ಬೂದಿ ಬಳೀತಿಯೇನು? ಒಳಗ ನೋಡಿದ್ರ ಮಾರಿ ಕಾಣತೈತಿ. ಇಷ್ಟು ಸ್ವಚ್ಛ ನಮ್ಮಜ್ಜನ ಕಾಲದಾಗೂ ಇರಲಿಲ್ಲ."

"ಸಾವ್ಕಾರ, ಆಕಿ ಹೇಳೂದು ಖರೆ ಐತ್ರಿ," ಅಂದಳು ಮರಿಯವ್ವ. "ಹಳ್ಳದ ನೀರು..."

"ಏ! ನಿನ್ನ ಕೆಲಸ ತಿಕ್ಕೂದು. ಹಂಡೇ ಇಳಿಸು, ದೂರ ನಿಲ್ಲು. ನೆಳ್ಳು ಬೀಳಾಕತ್ತೈತಿ."

ಹಂಡೆ ಇಳಿಯಿತು. ತಂಬಿಗೆ ನೀರು ಸುರಿದರು. ಕಣಿಕೆಗೆ ಬೆಂಕಿ ಇಟ್ಟು ಒಳಗೆ ಆಡಿಸಿದರು. ಮರಿಯವ್ವನ ಮೈಲಿಗೆ ಹೋಯಿತು. ಹಳ್ಳದ ಕೆಲಸ ಹಾಗೇ ಉಳಿಯಿತು.

ಮರುದಿನ ಹುಣಸೆ ಹಿಂಡಿದ ಸಾರು ಆ ಹಂಡೆಯಲ್ಲಿ ಬೆಳಗಿನಿಂದ ಕುದಿಯಿತು, ಆಮೇಲೆ ಅದರಲ್ಲೇ ತಣ್ಣಗಾಯಿತು, ಪಂಕ್ತಿಗೊಮ್ಮೆ ಮತ್ತೆ ಬಿಸಿಯಾಯಿತು. ಜನ ಸುರಿದುಕೊಂಡು ಕುಡಿದರು. ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತದೆ ಎಂದು ಒಬ್ಬರಿಬ್ಬರು ಅಂದರು. ಹಳೇ ತಾಮ್ರದ ರುಚಿಯೇ ಹಾಗೆ ಎಂದು ಪುಂಡಲೀಕಪ್ಪ ಹೇಳಿದ.

ಕೇರಿಯವರನ್ನು ಎಲ್ಲರಾದ ಮೇಲೆ, ಹಿತ್ತಲ ಬದಿಯಲ್ಲಿ, ತಿಪ್ಪೆಯ ಪಕ್ಕ ಕೂರಿಸಿದರು. ಅಷ್ಟು ಹೊತ್ತಿಗೆ ಸಾರು ತೀರಿತ್ತು. ಬುಟ್ಟಿಯ ತಳ ಕೆರೆದು ಅನ್ನ ಹಾಕಿದರು. ಒಣ ಅನ್ನ. ಹನಮಂತವ್ವ ಸೆರಗಿನ ಗಂಟಿನಿಂದ ಉಪ್ಪು ತೆಗೆದು ಹಂಚಿದಳು.

ಅವರು ಇನ್ನೂ ಕೈ ತೊಳೆದಿರಲಿಲ್ಲ, ಚಪ್ಪರದಲ್ಲಿ ಮೊದಲ ವಾಂತಿ ಆಯಿತು. ಆಮೇಲೆ ಸಾಲಾಗಿ. ಜರತಾರಿ ಸೀರೆಗಳು, ಇಸ್ತ್ರಿ ಅಂಗಿಗಳು, ಹೊಸ ಟೈಲ್ಸು, ಎಲ್ಲದರ ಮೇಲೆ ಹಸಿರು ಹಸಿರು ವಾಂತಿ. ಫೋನುಗಳು ಹೋದವು. ಅಂಬುಲೆನ್ಸು ಬಂತು. ಒಂದಲ್ಲ, ಸಾಲು ಸಾಲು. ಹಳ್ಳ ದಾಟಿಕೊಂಡೇ ಬಂದವು. ಜೀಪು ಬಂತು. ಪೊಲೀಸರು ಬಂದರು. ಮುಂಡರಗಿಯ ದವಾಖಾನೆಯಲ್ಲಿ ಹಾಸಿಗೆ ಸಾಲದೆ ಗದಗಿಗೆ ಒಯ್ದರು. ಮೊಬೈಲಿನಲ್ಲಿ ಊರಿನ ಹೆಸರು ಬಂತು.

ಹನಮಂತವ್ವ ಉಂಡ ಎಲೆ ಕೈಯಲ್ಲಿ ಹಿಡಿದು ನಿಂತಿದ್ದಳು. ಅಂಬುಲೆನ್ಸಿನ ಗಾಲಿಗಳನ್ನೇ ನೋಡುತ್ತಿದ್ದಳು.

"ದಾರಿ ಐತಿ," ಅಂದಳು. "ನೋಡ ಮರೆವ್ವಾ. ಹಳ್ಳದಾಗ ದಾರಿ ಐತಿ."

ಯಾರೂ ಸಾಯಲಿಲ್ಲ. ಸಲೈನು ಹಾಕಿಸಿಕೊಂಡು, ಕೈಗೆ ಪಟ್ಟಿ ಅಂಟಿಸಿಕೊಂಡು ಎಲ್ಲರೂ ತಿರುಗಿ ಬಂದರು. ಬಂದ ದಿನವೇ ಹನುಮಪ್ಪನ ಗುಡಿಯ ಕಟ್ಟೆಗೆ ಕೇರಿಯವರನ್ನು ಕರೆಸಿದರು. ಕೇರಿಯವರು ಕೆಳಗೆ ಮಣ್ಣಿನಲ್ಲಿ, ಊರಿನವರು ಮೇಲೆ.

ಪುಂಡಲೀಕಪ್ಪನ ಮುಖ ಬಾಡಿತ್ತು, ದನಿ ಬಾಡಿರಲಿಲ್ಲ. "ಹಂಡೇ ತೊಳದಾವ್ರು ಯಾರು? ಇವರು. ಊರೆಲ್ಲಾ ಬಿತ್ತು. ಕೇರ್ಯಾಗ ಒಬ್ರರ ಬಿದ್ರೇನು? ಒಬ್ರರ ಕಾರಿಕೊಂಡ್ರೇನು? ಇದರ ಅರ್ಥ ಏನು?"

"ಸಾರು ಕೊಟ್ಟಿದ್ರ ನಾವೂ ಬೀಳತಿದ್ವಿ," ಅಂದಳು ಹನಮಂತವ್ವ. "ತಳಾ ಕೆರದು ಬರೇ ಅನ್ನಾ ಹಾಕಿದ್ರಿ. ನಿಮ್ಮ ಜಿಪುಣತನ ನಮ್ಮನ್ನ ಉಳಿಸ್ತು."

ಮೇಲಿನಿಂದ ಯಾರೋ ಚಪ್ಪಲಿ ತೂರಿದರು. ಅದು ಹನಮಂತವ್ವನ ಭುಜಕ್ಕೆ ಬಡಿದು ಕೆಳಗೆ ಬಿತ್ತು. ಅವಳು ಅದನ್ನು ನೋಡಲಿಲ್ಲ.

ಪಂಚರೆಲ್ಲ ಕೂಗಾಡಿ ದಣಿದ ಮೇಲೆ ಪುಂಡಲೀಕಪ್ಪ ಕಟ್ಟೆಯಿಂದ ಇಳಿದು, ತಾಗದಷ್ಟು ದೂರದಲ್ಲಿ ನಿಂತು, ಮರಿಯವ್ವನೊಬ್ಬಳಿಗೆ ಕೇಳುವ ಹಾಗೆ ಮಾತಾಡಿದ.

"ನಾಳೆ ಆರೋಗ್ಯ ಇಲಾಖೆ ಸಾಹೇಬ ಬರತಾರ. ಸಾರಿನಾಗ ತಾಮ್ರ ಇಳದೈತಿ ಅಂತ ಡಾಕ್ಟರು ಹೇಳ್ಯಾರ. ಹಂಡೇ ಎಲ್ಲಿ ತೊಳದಿ ಅಂತ ನಿನ್ನ ಕೇಳತಾರ. ಹಳ್ಳ ಅನಬ್ಯಾಡ. ಹಳ್ಳ ಅಂದ್ರ ಗುಡ್ಡಕ್ಕ ಹೋಗತಾರ, ಕಲ್ಲಿನ ಕೆಲಸಾ ಬಂದ್ ಮಾಡಸ್ತಾರ. ಸಂತ್ಯಾಗ ಎಂಥದೋ ಪುಡಿ ತಂದು ತಿಕ್ಕಿದ್ನಿ, ಸರಿ ತೊಳೀಲಿಲ್ಲ, ನಂದ ತಪ್ಪಾತು ಅನ್ನು. ಒಂದು ಮಾತು. ಮುಗೀತು."

"ಅನ್ಲಿಲ್ಲಂದ್ರ?"

"ವಿಷಾ ಹಾಕಿದ್ರು ಅಂತ ನಾವು ಬ್ಯಾರೆ ಹೇಳಬೇಕಾಗತೈತಿ. ಇನ್ನ ಫಿಲ್ಟರ್ ನೀರಂತೂ ಕೇರಿಗೆ ಒಂದು ಹನಿ ಇಲ್ಲ. ನಿನ್ನ ಮಗಳು ಇವತ್ತೋ ನಾಳೆನೋ ಅನ್ನೂ ಹಂಗ ಅದಾಳಂತಲ್ಲ? ಕೂಸಿಗೆ ಮೊದಲನೇ ಸ್ನಾನಾ ಹಳ್ಳದ ನೀರಿನಾಗ ಮಾಡಸ್ತೀಯೇನು?"

ಅವನು ಅದನ್ನು ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಹಿತ ಹೇಳುವ ಹಾಗೆ ಹೇಳಿದ. 

ಆ ಸಂಜೆ ಉಡಚಪ್ಪ ಅವಳ ಕೊಡಕ್ಕೆ ನೀರು ಸುರಿಯಲಿಲ್ಲ. ಖಾಲಿ ಕೊಡ ಹೊತ್ತು ಬಂದಳು. ಮಮತಾ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಣಗಿತ್ತು. ನಿನ್ನೆಯ ನೀರು ತಂಬಿಗೆಯ ತಳದಲ್ಲಿತ್ತು, ಅದನ್ನು ಗುಟುಕು ಗುಟುಕಾಗಿ ತೂಗಿಸುತ್ತಿದ್ದಳು.

"ಅಂದುಬಿಡು ಬೇ," ಅಂದಳು. ಅಪ್ಪ ಸತ್ತ ದಿನವೂ ಅವಳು ಇಷ್ಟು ಸಣ್ಣ ದನಿಯಲ್ಲಿ ಮಾತಾಡಿರಲಿಲ್ಲ. "ಆಸಿಡ್ಡು, ಗಂಧಕ... ನನಗೇನ ಬ್ಯಾಡ. ಒಂದು ಮಾತು ತಾನ? ನಿನ್ನ ಹೆಸರು ಕೆಟ್ಟರ ಕೆಡ್ಲಿ. ಕೂಸಿಗೆ ನೀರು ಬೇಕು."

"ಅಂತೀನಿ," ಅಂದಳು ಮರಿಯವ್ವ.

ಅವಳು ಖರೆಯಾಗಿಯೂ ಹಾಗೆಯೇ ನಿರ್ಧರಿಸಿದ್ದಳು. ಮರ್ಯಾದೆ ಅನ್ನುವುದು ಹೊಟ್ಟೆ ತುಂಬಿದವರ ಅಟ್ಟದ ಮೇಲಿನ ಸಾಮಾನು. ತಾನು ಎಷ್ಟು ಸಲ ಸರಿದು ನಿಂತಿಲ್ಲ? ಎಷ್ಟು ಸಲ ತಪ್ಪಾತ್ರಿ ಅಂದಿಲ್ಲ? ಇನ್ನೊಂದು ಸಲ.

ಬೆಳಿಗ್ಗೆ ಹಂಡೆಯನ್ನು ತೊಳೆದು ಸಾಹೇಬನ ಮುಂದೆ ತರಬೇಕೆಂದು ಹೇಳಿ ಕಳಿಸಿದರು. ವಾಂತಿಯ ಹಂಡೆ, ಊರಿನಲ್ಲಿ ಯಾರೂ ಮುಟ್ಟಲು ಒಲ್ಲರು. ಅದು ಆಗಲೇ ಕೇರಿಯ ಬಾಯಿಗೆ ಉರುಳಿ ಬಂದಿತ್ತು. ತೊಳೆದ ಹಂಡೆಯ ಒಂದು ಕಿವಿಯನ್ನು ಮರಿಯವ್ವ ಹಿಡಿದಳು, ಹನಮಂತವ್ವ ಇನ್ನೊಂದನ್ನು. ಬಸ್ ಕಟ್ಟೆಯ ಹತ್ತಿರ ಕುರ್ಚಿಗಳಿದ್ದವು. ಸಾಹೇಬ ಕೂತು ಚಹಾ ಕುಡಿಯುತ್ತಿದ್ದ. ಊರು ಸುತ್ತ ನಿಂತಿತ್ತು. ಕೇರಿಯವರು ದೂರ ಬೇವಿನ ಗಿಡದ ಕೆಳಗೆ.

ಪಕ್ಕದಲ್ಲಿ ಸಾಹೇಬನ ಜೀಪು. ಹಳ್ಳ ದಾಟಿ ಬಂದ ಜೀಪು. ಗಾಲಿಗೆ, ಬಾಗಿಲ ಕೆಳಗೆ ಕಾವಿ ಕೆಸರು ಅಂಟಿತ್ತು. ಉಡಚಪ್ಪ ಫಿಲ್ಟರ್ ಮನೆಯ ನಲ್ಲಿಗೆ ಹಸಿರು ಪೈಪು ಸಿಕ್ಕಿಸಿ ಜೀಪು ತೊಳೆಯುತ್ತಿದ್ದ. ನೀರು ಧೋ ಎಂದು ಗಾಲಿಗೆ ಹೊಡೆದು, ಕೆಂಪಾಗಿ ಕೆಳಗಿಳಿದು, ಮೋರಿಗೆ ಹರಿಯುತ್ತಿತ್ತು.

"ಕೆಳಗ ಛಲೋತ್ನಂಗ ಹೊಡೀಲೇ ಉಡಚಾ," ಪುಂಡಲೀಕಪ್ಪ ಕೂಗಿ ಹೇಳಿದ. "ಸಂದಿಗೆಲ್ಲಾ ಹೊಡಿ. ಜಲ್ದಿ. ಹಳ್ಳದ ನೀರು ತಗಡ ತಿಂತೈತಿ. ನನ್ನ ಲಾರಿ ಎರಡು ಹಂಗ ಹಾಳಾಗ್ಯಾವು, ಅದಕ್ಕ ಈಗ ದಿನಾ ಇಲ್ಲೇ ತೊಳಸ್ತೀನಿ."

ಮರಿಯವ್ವ ಹಂಡೆಯ ಕಿವಿ ಹಿಡಿದುಕೊಂಡೇ ನಿಂತಳು.

ಅವನಿಗೆ ಗೊತ್ತಿತ್ತು.

ತಗಡು ತಿನ್ನುತ್ತದೆ ಎಂದು ಗೊತ್ತಿತ್ತು. ಲಾರಿ ತಿನ್ನುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಲಾರಿ ತೊಳೆಸುತ್ತಿದ್ದ. ಫಿಲ್ಟರ್ ನೀರಿನಲ್ಲಿ. ದಿನಾ. ಅವಳು ಖಾಲಿ ಕೊಡದ ಮುಂದೆ ನಿಂತಾಗಲೂ. ರೇಷ್ಮಾ ಚೀಲಗಳ ನಡುವೆ ತಣ್ಣಗಾಗುತ್ತಿದ್ದಾಗಲೂ ಅವನ ಲಾರಿ ಎಲ್ಲೋ ಒಂದು ಕಡೆ ನಿಂತು ಮೀಯುತ್ತಿತ್ತು.

"ನೀನಾ ಹಂಡೆ ತೊಳೆದದ್ದು?" ಸಾಹೇಬ ಕೇಳಿದ.

"ಹೌದ್ರಿ."

"ಏನು ಹಾಕಿ ತೊಳೆದಿ? ಎಲ್ಲಿ?"

ಪುಂಡಲೀಕಪ್ಪ ಅವಳ ಕಡೆ ನೋಡಿ ತಲೆ ಆಡಿಸಿದ. ಹೇಳು, ಹೇಳು ಎಂಬ ಹಾಗೆ.

"ಹಳ್ಳದಾಗ್ರಿ," ಅಂದಳು. "ಈಗ ನಿಮ್ಮ ಗಾಡಿಯಿಂದ ತೊಳದು ತಗ್ಯಾಕತ್ತಾರಲ್ಲ, ಆ ನೀರಿನಾಗ್ರಿ. ಅದನ್ನ ಹಾಕೀನಿ. ಬ್ಯಾರೆ ಏನೂ ಇಲ್ಲ."

"ಏ ಮರೀ!" ಪುಂಡಲೀಕಪ್ಪನ ಕುರ್ಚಿ ಹಿಂದಕ್ಕೆ ಬಿತ್ತು. "ಸುಳ್ಳ ಬೊಗಳಬ್ಯಾಡ! ಸಂತಿ ಪುಡಿ ಅಂತ ನಿನ್ನೆ ನೀನs..."

"ಸುಳ್ಳ ಹೇಳಾಕ ಬಂದಿದ್ನಿ. ಹೇಳಾಂಗಿಲ್ಲ." ಅವಳು ಸೀರೆಯನ್ನು ಮೀನಖಂಡದ ಮೇಲಕ್ಕೆ ಎತ್ತಿದಳು. "ಸಾಹೇಬ್ರ, ಇದನ್ನ ನೋಡ್ರಿ. ಇಲ್ಲಿ ಕಲಾಯಿ ಇರಲಿಲ್ಲ. ತೊಗಲಿತ್ತು."

ಸಾಹೇಬ ನೋಡಿದ. ಬೇಗ ಕಣ್ಣು ತೆಗೆದ. ಚಹಾದ ಕಪ್ಪನ್ನು ಕೆಳಗಿಟ್ಟ. "ಅದು ಬೇರೆ ವಿಷಯ. ಅದಕ್ಕೆ ಬೇರೆ ಅರ್ಜಿ ಕೊಡಿ. ಈಗ ಊಟದ ದಿನದ್ದು ಮಾತ್ರ ಹೇಳು."

"ಊಟದ ದಿನದ್ದs ಹೇಳಾಕತ್ತೀನಿ. ಹಂಡೇದ ಮೈ ಹೋತು, ಊರು ಕಾರಿಕೊಂತು, ನೀವು ಬಂದ್ರಿ. ನಮ್ಮ ಮೈ ಹೋಗಿ ಎರಡು ವರ್ಷಾತು. ನಮ್ಮ ಕೂಸು ಹೋತು. ಒಂದು ಗಾಲಿ ಬರಲಿಲ್ಲ. ಆವಾಗ ಯಾವ ಅರ್ಜಿ ಕಡಿಮಿ ಬಿದ್ದಿತ್ರಿ?"

ಸಾಹೇಬ ಪುಂಡಲೀಕಪ್ಪನ ಮುಖ ನೋಡಿದ. ಪುಂಡಲೀಕಪ್ಪ ಕೈ ಎತ್ತಿ ಕೂಗಿದ: "ಆತು! ನೀರು ಬಂದ್! ಕೇರಿಗೆ ಒಂದು ಹನಿ ಹಾಕಿದ್ರ ನಿನ್ನ ಕೈ ಮುರೀತೀನಿ ಉಡಚಾ!"

"ಅವಾ ಹಾಕೂದು ಬ್ಯಾಡ," ಅಂದಳು ಮರಿಯವ್ವ.

ಅವಳು ಹಂಡೆಯನ್ನು ಎಳೆದಳು. ಹನಮಂತವ್ವ ಕೈ ಹಚ್ಚಿದಳು. ತಾಮ್ರ ಕಲ್ಲು ನೆಲದ ಮೇಲೆ ಕರ್ ಎಂದು ಕಿರುಚುತ್ತ ಹೋಯಿತು, ಊರಿನ ನಡುವೆ, ಕುರ್ಚಿಗಳ ನಡುವೆ. ಜನ ತಾಗದ ಹಾಗೆ ಎರಡೂ ಕಡೆಗೆ ಸರಿದರು. ದಾರಿ ತಾನಾಗಿಯೇ ಆಯಿತು. ಇಷ್ಟು ವರ್ಷ ಅವಳು ಸರಿಯುತ್ತಿದ್ದಳು.

ಫಿಲ್ಟರ್ ಮನೆಯ ಮೆಟ್ಟಿಲು ಹತ್ತಿದಳು. ಹಂಡೆಯನ್ನು ನಲ್ಲಿಯ ಕೆಳಗೆ ನೂಕಿದಳು. ಹಸಿರು ಪೈಪನ್ನು ಹಿಡಿದು ಕಿತ್ತಳು. ಜೀಪಿನ ಗಾಲಿಗೆ ಹೊಡೆಯುತ್ತಿದ್ದ ನೀರು ಸತ್ತಿತು. ಉಡಚಪ್ಪನ ಕೈಯಲ್ಲಿ ಪೈಪು ಹಾವಿನ ಪೊರೆಯ ಹಾಗೆ ಜೋತುಬಿತ್ತು. ನೀರು ಹಂಡೆಯ ತಳಕ್ಕೆ ಬಿದ್ದು ಗಂಟೆ ಬಾರಿಸಿದ ಹಾಗೆ ಸದ್ದಾಯಿತು.

ಅವಳ ಕೈ ನಲ್ಲಿಯ ಮೇಲಿತ್ತು. ಗಂಟು, ಬಿರುಕು, ಕಾವಿ. ಐದು ಬೆರಳೂ.

"ಮುಟ್ಟಿದ್ಲು! ಮುಟ್ಟಿದ್ಲಲ್ಲೋ!"

"ಎಳೀರೋ ಆಕೀನ!"

ಯಾರೂ ಬರಲಿಲ್ಲ. ಎಳೆಯಬೇಕಾದರೆ ಮುಟ್ಟಬೇಕಿತ್ತು. ಅವರು ಹತ್ತಿರ ಬಂದರು, ಕೈ ಚಾಚಿದರು, ಕೈ ಹಿಂದಕ್ಕೆ ತಗೊಂಡರು. ಒಬ್ಬ ಬಡಿಗೆ ತಂದ. ಸಾಹೇಬ ಎದ್ದು ನಿಂತು, "ಬಡಿಗೆ ಬೇಡ, ನಾನು ಇಲ್ಲಿದ್ದೇನೆ, ಬಡಿಗೆ ಬೇಡ" ಅಂದ. ಅಷ್ಟು ಹೇಳಿ ಮತ್ತೆ ಕೂತ.

"ಕರೆಂಟ್ ತಗೀಲೇ!"

"ತಗದ್ರೂ ಬರತೈತ್ರಿ," ಉಡಚಪ್ಪ ಪೈಪು ಹಿಡಿದುಕೊಂಡೇ ಹೇಳಿದ. "ಟಾಕಿ ತುಂಬೈತಿ."

ಹಂಡೆ ದೊಡ್ಡದು. ತುಂಬಲು ಹೊತ್ತು ಬೇಕು. ಅಷ್ಟು ಹೊತ್ತೂ ಊರು ನಿಂತು ನೋಡಬೇಕಾಯಿತು. ಬೈದರು. ಅವ್ವ ಅಕ್ಕ ಎಲ್ಲ ತಂದು ಬೈದರು. ನಾಳೆ ನೋಡಿಕೊಳ್ಳುತ್ತೇವೆ ಅಂದರು. ಮರಿಯವ್ವನಿಗೆ ನಾಳೆಯೂ ಗೊತ್ತಿತ್ತು, ನಾಡಿದ್ದೂ ಗೊತ್ತಿತ್ತು. ಅವಳು ಇನ್ನೊಂದು ಕೈಯನ್ನು ನೀರಿನ ಕೆಳಗೆ ಹಿಡಿದಳು. ಉರಿಯಲಿಲ್ಲ. ಉರಿಯದ ನೀರು ಹೇಗಿರುತ್ತದೆ ಎಂಬುದು ಅವಳಿಗೆ ಮರೆತೇಹೋಗಿತ್ತು.

ಬೇವಿನ ಗಿಡದ ಕೆಳಗಿನಿಂದ ಯಾರೋ ಹೊರಟರು. ಬಿದಿರಿನ ಬೊಂಬು ಹಿಡಿದು ಒಬ್ಬಳು. ಕೊಡ ಹಿಡಿದು ಒಬ್ಬಳು. ಆಮೇಲೆ ಇನ್ನಷ್ಟು. ಗಿಡ್ಡ ಸೀರೆಗಳು. ಸೀಳಿದ ಹಿಮ್ಮಡಿಗಳು. ಬಂದು ನಿಂತರು. ಊರಿನವರ ಸರದಿಯ ಜಾಗದಲ್ಲಿ, ಸರದಿಯಾಗಿ.

ನೀರು ಹಂಡೆಯ ಕಂಠ ಮುಟ್ಟಿತು. ಕಿವಿಗಳಿಗೆ ಬೊಂಬು ತೂರಿಸಿ ನಾಲ್ವರು ಹೆಗಲು ಕೊಟ್ಟರು. ಪುಂಡಲೀಕಪ್ಪನ ಹಂಡೆ ನೆಲ ಬಿಟ್ಟು ಎದ್ದಿತು, ತೂಗಾಡಿತು, ಕೇರಿಯ ಕಡೆಗೆ, ಮಮತಾ ಇರುವ ಕಡೆಗೆ ಇಳಿಯತೊಡಗಿತು.

ಹನಮಂತವ್ವ ತನ್ನ ಕೊಡವನ್ನು ನಲ್ಲಿಯ ಕೆಳಗಿಟ್ಟಳು.

ಮರಿಯವ್ವ ನಲ್ಲಿಯ ಮೇಲಿಂದ ಕೈ ತೆಗೆಯಲಿಲ್ಲ.